ಅಡ್ಡ ಎಳೆಯ ಅಟ್ಟ

ಯಾರ ಮನೆಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ಚಹಾ ಬರುವುದರೊಳಗೆ ಅವರ ಪುಸ್ತಕದ ಕಪಾಟಿನ ಹಲಗೆಯನ್ನು ಹೆಬ್ಬೆರಳಿನಿಂದ ನಡುವೆ ಒತ್ತಿ ನೋಡಿಯಾಗಿರುತ್ತದೆ. ಬಗ್ಗಿತೆಂದರೆ ಕೆಳಗೆ ತಲೆ ಹಾಕಿ, ಮರದ ಎಳೆ ಯಾವ ಕಡೆಗೆ ಓಡಿದೆ ಎಂದು ಹುಡುಕುತ್ತೇನೆ. ಸಾನಪಾಡಾದ ನಮ್ಮ ಸೊಸೈಟಿಯ ಹೆಂಗಸರು ಇದಕ್ಕೆ ನಗುತ್ತಾರೆ. ನಗಲಿ. ಘಣಸೋಲಿಯ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಪ್ಲೈವುಡ್ಡನ್ನು ಬಗ್ಗಿಸಿ, ಮುರಿದು, ಅದು ಎಷ್ಟು ಭಾರಕ್ಕೆ ಮುರಿಯಿತೆಂದು ಬರೆದಿಡುವುದೇ ನನ್ನ ಉದ್ಯೋಗ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು, ಗಂಡಸರನ್ನೂ ಸೇರಿಸಿ. ಈ ಮಾತು ಹೇಳುವಾಗ ನಾನು ದನಿ ತಗ್ಗಿಸುವುದಿಲ್ಲ. ತಗ್ಗಿಸಿದರೆ ಚೆಂದ ಎಂದು ಬುದ್ಧಿ ಹೇಳಿದವರಿದ್ದಾರೆ. ಅವರೆಲ್ಲ ಅಜ್ಜನ ಕಾಲದಿಂದ ಓದಿಕೊಂಡು ಬಂದವರು.

ಪ್ರಯೋಗಾಲಯಕ್ಕೆ ಹೊಸಬರು ಬಂದಾಗ ಮೊದಲ ದಿನ ಅವರಿಂದ ನಾನು ಮಾಡಿಸುವ ಕೆಲಸ ಒಂದೇ. ಒಂದು ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿ ಕೊಯ್ಯಿರಿ, ಒಂದು ಮೇಲ್ಪದರದ ಎಳೆಯ ಉದ್ದಕ್ಕೆ, ಇನ್ನೊಂದು ಅದಕ್ಕೆ ಅಡ್ಡಲಾಗಿ. ಎರಡನ್ನೂ ಕೈಯಲ್ಲಿ ಹಿಡಿದು ಬಗ್ಗಿಸಿರಿ. ಪ್ಲೈವುಡ್ ಅಂದರೆ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ತೆಳು ಪದರಗಳು, ಆದ್ದರಿಂದ ಅದು ಎಲ್ಲ ದಿಕ್ಕಿಗೂ ಸಮ ಗಟ್ಟಿ ಎಂದು ಎಲ್ಲರೂ ನಂಬಿಕೊಂಡು ಬಂದಿರುತ್ತಾರೆ. ಅಡ್ಡಡ್ಡ ಅಂಟಿಸುವುದು ನಿಜ. ಅದರಿಂದ ಹಾಳೆ ಸೀಳುವುದಿಲ್ಲ, ಮಳೆಗಾಲದಲ್ಲಿ ಹಿಗ್ಗುವುದೂ ಕಡಿಮೆ. ಸಮ ಗಟ್ಟಿ ಎಂಬುದು ಮಾತ್ರ ಸುಳ್ಳು. ಹಾಳೆ ಬಗ್ಗುವಾಗ ಹೆಚ್ಚಿನ ಜಗ್ಗಾಟ ಬೀಳುವುದು ಹೊರಗಿನ ಎರಡು ಪದರಗಳ ಮೇಲೆ. ಮೇಲಿನದನ್ನು ಭಾರ ಒತ್ತುತ್ತದೆ, ಕೆಳಗಿನದನ್ನು ಎಳೆಯುತ್ತದೆ. ಆ ಪದರಗಳ ಎಳೆಗಳು ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಹಾದುಹೋಗಿದ್ದರೆ ಹಗ್ಗದ ಹಾಗೆ ಹಿಡಿದು ನಿಲ್ಲುತ್ತವೆ. ಆಸರೆಯ ಗುಂಟ ಮಲಗಿದ್ದರೆ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ, ಹಲಗೆ ಜೋಲು ಬೀಳುತ್ತದೆ. ಕೆಲವರು ಇದನ್ನು ಕೇಳಿ, ಕುಟುಂಬವೂ ಹೀಗೇ ಅಲ್ಲವೇ ಮೇಡಂ, ಎಂದು ಭಾಷಣಕ್ಕೆ ಇಳಿಯುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಕುಟುಂಬವನ್ನು ಯಾರೂ ಯಂತ್ರದಲ್ಲಿಟ್ಟು ನೋಡಿಲ್ಲ. ಹಲಗೆಯ ವಿಷಯ ಮಾತ್ರ ನನಗೆ ಹದಿನಾರರ ವಯಸ್ಸಿನಲ್ಲಿ, ಡೊಂಬಿವಲಿಯ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ, ಬೆನ್ನಿನ ಮುಖಾಂತರ ಅರ್ಥವಾಗಿತ್ತು.

ಆ ಖೋಲಿಯ ಬಾಗಿಲು ದಕ್ಷಿಣಕ್ಕೆ. ಒಳಗೆ ಕಾಲಿಟ್ಟರೆ ಎದುರಿಗೆ ಉತ್ತರದ ಗೋಡೆ, ಅದರ ಬುಡದಲ್ಲಿ ಒಲೆ, ಪಾತ್ರೆ, ಮೂಲೆಯಲ್ಲಿ ಬಚ್ಚಲ ಮೋರಿ. ಅದೇ ಗೋಡೆಗೆ ಎದೆಯೆತ್ತರದಲ್ಲಿ ನಮ್ಮ ದೇವರ ಜಗಲಿ, ಅಂದರೆ ಎರಡು ಮೊಳೆಯ ಮೇಲೆ ಕೂರಿಸಿದ ಗೇಣಗಲದ ಹಲಗೆ. ಅದರ ಮೇಲೆ ಹಿತ್ತಾಳೆಯ ಎಲ್ಲಮ್ಮ, ಒಂದು ಬಸವಣ್ಣ, ಎಣ್ಣೆ ಕುಡಿದು ಕಪ್ಪಾದ ದೀಪ. ವಿಜಯಪುರದ ಕಡೆಯಿಂದ ಬಂದ ನಮ್ಮ ಇಡೀ ಸಂಸಾರ ಈ ಒಂದು ಖೋಲಿಯಲ್ಲಿತ್ತು. ಅಪ್ಪ ಕಲ್ಯಾಣದ ಪ್ಲೈವುಡ್ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಎದುರಿನ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಪ್ಪನ ತಮ್ಮ, ನನ್ನ ಕಾಕಾ, ಠಾಣೆಯ ದೊಡ್ಡ ಫ್ಲ್ಯಾಟುಗಳಲ್ಲಿ ಕಪಾಟು, ಮಂಚ ಮಾಡುವ ಬಡಗಿ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆ ನಡೆಯುತ್ತಿದ್ದದ್ದು ಆಕೆಯ ಮಾತಿನ ಮೇಲೆ. ಆ ಖೋಲಿಯಲ್ಲಿ ಯಾರಾದರೂ ನೆಮ್ಮದಿಯಾಗಿ ಒಂದು ಕಡೆ ಕೂತದ್ದು ನನಗೆ ನೆನಪಿಲ್ಲ. ಒಬ್ಬರು ಊಟಕ್ಕೆ ಕೂತರೆ ಇನ್ನೊಬ್ಬರು ಎದ್ದು ಬಾಗಿಲಾಚೆಯ ಗ್ಯಾಲರಿಗೆ ಹೋಗಬೇಕು. ಅವ್ವ ರೊಟ್ಟಿ ಬಡಿಯುವಾಗ ಅವಳ ಮೊಣಕೈಗೆ ತಾಗದ ಹಾಗೆ ನಾವೆಲ್ಲ ಗೋಡೆಗೆ ಅಂಟಿಕೊಂಡು ತಿನ್ನುತ್ತಿದ್ದೆವು. ನಾನಂತೂ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲೆಯುವವಳು. ಹೊಸ್ತಿಲಲ್ಲಿ ಕೂತರೆ ಹಾಯುವವರ ಕಾಲು, ಜೀನಾದ ಮೆಟ್ಟಿಲಲ್ಲಿ ಕೂತರೆ ಇಳಿಯುವವರ ಕೊಡ, ನಳದ ಸಾಲಿನಲ್ಲಿ ನಿಂತು ಓದಿದರೆ ಹಿಂದಿನವರ ಬೈಗುಳ. ಹತ್ತನೆಯ ಇಯತ್ತೆಯ ವಿಜ್ಞಾನವನ್ನು ನಾನು ಪೂರಾ ನಿಂತು, ನಡೆದು ಓದಿದವಳು. ಈಗಲೂ ಯೋಚನೆ ಹತ್ತಬೇಕೆಂದರೆ ನಾನು ಎದ್ದು ಓಡಾಡಲೇಬೇಕು. ಕೂತು ಯೋಚಿಸುವುದು ನನಗೆ ಯಾರೂ ಕಲಿಸಲಿಲ್ಲ.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಕಾಕಾನ ಮದುವೆಯಾಯಿತು. ಇಂಡಿ ತಾಲೂಕಿನ ಕಡೆಯ ಹುಡುಗಿ, ನನಗಿಂತ ಸ್ವಲ್ಪವೇ ದೊಡ್ಡವಳು, ಮಾತಿಗೆ ಮೊದಲು ನಗುವವಳು. ಖೋಲಿಯ ನಡುವೆ ಒಂದು ಹಳೆಯ ಸೀರೆಯ ಪರದೆ ಬಂತು. ಪರದೆಯ ಆಚೆ ಹೊಸ ಮದುಮಕ್ಕಳು, ಈಚೆ ನಾವೆಲ್ಲ, ಪರದೆಯ ಅಂಚಿಗೆ ನನ್ನ ಹಾಸಿಗೆ. ನಾಲ್ಕು ದಿನದಲ್ಲಿ ಎಲ್ಲರಿಗೂ ಮುಜುಗರ ಶುರುವಾಯಿತು, ಯಾರೂ ಬಾಯಿ ಬಿಡಲಿಲ್ಲ. ನನ್ನ ಫಲಿತಾಂಶ ಬಂದ ದಿನ, ಅಪ್ಪ ಪೇಢೆ ತಂದು ಹಂಚುತ್ತಿರುವಾಗಲೇ ಆಯಿ ಬಾಯಿ ಬಿಟ್ಟಳು.

"ಹುಡುಗಿ ದೊಡ್ಡಾಕಿ ಆಗ್ಯಾಳ. ಪಡದಿ ಬಾಜೂಕ ಮಲಗಸೂದು ಶೋಭಾ ಕಾಣೂದಿಲ್ಲ. ಬದಲಾಪುರಕ ಕಳಸ್ರಿ. ಅಲ್ಲಿ ಜಾಗಾನೂ ಐತಿ, ನನ್ನ ಮಗಳಿಗೆ ಕೈಯಾಸರಾನೂ ಆಕ್ಕೈತಿ."

"ಮತ್ತ ಕಾಲೇಜು?" ಎಂದೆ ನಾನು.

"ಡಬ್ಬಾ ಕಟ್ಟಾಕ ಕಾಲೇಜ ಬೇಕೇನ?"

ಬದಲಾಪುರದಲ್ಲಿದ್ದ ಅತ್ತೆ, ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಕಾರ್ಖಾನೆಯ ಕೆಲಸಗಾರರಿಗೆ ಊಟದ ಡಬ್ಬಾ ಮಾಡಿ ಕೊಡುತ್ತಿದ್ದಳು. ಗಿರಾಕಿ ಹೆಚ್ಚಿದ್ದರು, ಕೈ ಎರಡೇ. ಅವಳು ಕೆಟ್ಟವಳಲ್ಲ, ನನ್ನನ್ನು ಹೊಟ್ಟೆ ತುಂಬ ಉಣಿಸಿ ಇಟ್ಟುಕೊಳ್ಳುತ್ತಿದ್ದಳು. ಆದರೆ ನಸುಕಿನಿಂದ ಒಲೆಯ ಮುಂದೆ ಕೂತವಳು ಯಾವ ಲೋಕಲ್ ಹತ್ತಿ ಯಾವ ಕಾಲೇಜಿಗೆ ಹೋಗಲಿ? ಕಲ್ಯಾಣದ ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನಕ್ಕೆ ನನ್ನ ಹೆಸರು ಹತ್ತುವಷ್ಟು ಅಂಕ ಬಂದಿದ್ದವು. ನಮ್ಮಲ್ಲಿ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಬದಲಾಪುರಕ್ಕೆ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂಬುದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅಪ್ಪ ಪೇಢೆಯ ಡಬ್ಬಿ ಹಿಡಿದುಕೊಂಡು ಬಹಳ ಹೊತ್ತು ಮೇಲೆ ನೋಡುತ್ತ ನಿಂತ. ಆಮೇಲೆ ಹೇಳಿದ.

"ಮ್ಯಾಲ ಜಾಗಾ ಐತಲ್ಲ."

ಮೇಲೆ ಮೂರು ಕಬ್ಬಿಣದ ಆ್ಯಂಗಲ್‌ಗಳಿದ್ದವು. ನಮಗಿಂತ ಮೊದಲು ಬಾಡಿಗೆಗಿದ್ದವರು ಸಾಮಾನು ಇಡಲೆಂದು ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಗೆ, ಒಂದರಿಂದೊಂದು ನಾಲ್ಕಡಿಗೆ ಚೂರು ಕಡಿಮೆ ದೂರದಲ್ಲಿ ಹುಗಿಸಿದ್ದು. ನಾವು ಅವುಗಳ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದೆವು, ಅಷ್ಟೇ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದೇ ಒಂದು ಪ್ಲೈವುಡ್ ಹಾಳೆ ಹಾಕಿದರೆ ನನ್ನೊಬ್ಬಳಿಗೆ ಅಟ್ಟವಾಗುತ್ತದೆ. ಅಂಗಡಿಯಲ್ಲಿ ಟೆಂಪೋದಿಂದ ಇಳಿಸುವಾಗ ಮೂಲೆ ಮುರಿದ ಹಾಳೆಯೊಂದಿತ್ತು, ಅರ್ಧ ಇಂಚು ದಪ್ಪದ್ದು; ಮಾಲಕ ಅದನ್ನು ಅಪ್ಪನಿಗೇ ಕೊಟ್ಟ. ಅಪ್ಪನೂ ಕಾಕಾನೂ ಅದನ್ನು ಜೀನಾದಲ್ಲಿ ಓರೆ ಮಾಡಿ, ನೆಟ್ಟಗೆ ಮಾಡಿ, ಇಡೀ ಚಾಳಿನ ಸಲಹೆ ಕೇಳಿಸಿಕೊಳ್ಳುತ್ತ ಮೇಲೆ ತಂದರು. ಕಾಕಾ ಮುರಿದ ಮೂಲೆಯನ್ನು ಗರಗಸದಿಂದ ಕೊಯ್ದು ಹಾಕಿದ. ಹಾಳೆಯನ್ನು ದಕ್ಷಿಣೋತ್ತರವಾಗಿ, ಮೂರೂ ಆ್ಯಂಗಲ್‌ಗಳನ್ನು ದಾಟುವ ಹಾಗೆ ಇಟ್ಟು ಅಂಗೈಯಿಂದ ಬಡಿದ.

"ಎಳಿ ಉದ್ದಕ ಹರದೈತಿ, ಮೂರೂ ಆ್ಯಂಗಲ್ ಹಿಡದೈತಿ. ಇದರ ಮ್ಯಾಲ ಆನಿ ಮಲಗಸ್ರಿ."

"ತಲಿ ಯಾ ಕಡೆ ಮಾಡತಾಳ?" ಎಂದಳು ಆಯಿ.

ಕಾಕಾ ತಿರುಗಿ ನೋಡಿದ. "ಆನೀನೋ, ನಿನ್ನ ಮೊಮ್ಮಗಳೋ?"

"ಚ್ಯಾಷ್ಟಿ ಬಿಡು. ಉತ್ತರಕ ತಲಿ ಮಾಡಿದ್ರ ಹೆಣಾ ಮಲಗಿಸಿದಂಗ. ದಕ್ಷಿಣಕ ಮಾಡಿದ್ರ ಕಾಲು ಸೀದಾ ದೇವರ ನೆತ್ತಿ ಮ್ಯಾಲ. ಊರ ಮಂದಿ ಮನ್ಯಾಗ ಮಂಚಾ ಮಾಡತಿ, ನಿನ್ನ ಮನ್ಯಾಗ ದಿಕ್ಕ ಗೊತ್ತಿಲ್ಲೇನ?"

"ಅಡ್ಡ ಮಲಗ್ಲಿ ಬಿಡು ಯವ್ವಾ."

"ನಾಕ ಫೂಟಿನ್ಯಾಗ ಅಡ್ಡ? ಅಕೀನ ಮಡಚಿ ಇಡತಿಯೇನ?"

"ಹಂಗಾರ ಕುಂತs ನಿದ್ದಿ ಮಾಡ್ಲಿ."

ಪರದೆಯ ಆಚೆಯಿಂದ ಕಾಕಿ ನಕ್ಕಳು. ಆಯಿ ನಗಲಿಲ್ಲ. ಅವಳ ಮಾತಿಗೆ ಎದುರು ಹೇಳುವಂಥದ್ದೂ ಏನಿರಲಿಲ್ಲ, ಏಕೆಂದರೆ ಉತ್ತರಕ್ಕೆ ತಲೆ ಹಾಕಬಾರದೆಂದು ನಾವೆಲ್ಲರೂ ನಂಬಿದವರೇ. ದೇವರ ಕಡೆ ಕಾಲು ಚಾಚಬಾರದೆಂದು ಈಗಲೂ ನನ್ನ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಪೂರ್ವಕ್ಕೆ ತಲೆ ಮಾಡಿ ಮಲಗಬೇಕು, ಅದಕ್ಕೆ ಹಾಳೆಯನ್ನೇ ತಿರುಗಿಸಬೇಕು ಎಂದಾಯಿತು. ತಿರುಗಿಸಿದರೆ ಏನಾಗುತ್ತದೆ ಎಂದು ಕಾಕಾನಿಗೆ ಗೊತ್ತಿತ್ತು. ಹಾಳೆಯ ಎರಡು ಉದ್ದನೆಯ ಅಂಚುಗಳು ಎರಡು ಆ್ಯಂಗಲ್‌ಗಳ ಮೇಲೆ ಕೂರುತ್ತವೆ, ಎಳೆ ಆ್ಯಂಗಲ್‌ಗಳ ಗುಂಟ ಮಲಗುತ್ತದೆ, ನಡುವೆ ಹಿಡಿಯುವುದು ಏನೂ ಇಲ್ಲ.

"ಜೋಲಿ ಬೀಳತೈತಿ ನೋಡು ಮತ್ತ," ಎಂದ.

"ಹಲಗಿ ಬಗ್ಗಿದ್ರ ಬಗ್ಗಲಿ. ನಡತಿ ಬಗ್ಗಬಾರದು."

ಠಾಣೆಯ ಗಿರಾಕಿಗಳ ಮುಂದೆ ಎಳೆಯ ಸಲುವಾಗಿ ಜಗಳ ಕಾಯುವ ಕಾಕಾ ತಾಯಿಯ ಮುಂದೆ ಹಾಳೆ ತಿರುಗಿಸಿ ಇಳಿದುಬಿಟ್ಟ.

ನೋಡಿ, ಹಾಳೆ ಅದೇ, ಆ್ಯಂಗಲ್‌ಗಳ ನಡುವಿನ ಸಂದು ಅದೇ, ಮೇಲೆ ಮಲಗುವ ಹುಡುಗಿಯೂ ಅವಳೇ. ದಿಕ್ಕು ಮಾತ್ರ ಬೇರೆ. ಮೊದಲೆರಡು ದಿನ ನಾನು ಸ್ವರ್ಗದಲ್ಲಿದ್ದೆ. ತಲೆ ಎತ್ತಿದರೆ ತಗಡು ಬಡಿಯುತ್ತಿತ್ತು, ಸೆಕೆಗೆ ಬೆವರು ಹರಿಯುತ್ತಿತ್ತು, ಆದರೂ ಏಳು ಎಂದು ಯಾರೂ ಅನ್ನದ ಜಾಗ ಅದು. ಮೂರನೆಯ ದಿನ ಗೊತ್ತಾಯಿತು, ಪೆನ್ಸಿಲ್ ಎಲ್ಲಿಟ್ಟರೂ ಉರುಳಿ ನನ್ನ ಸೊಂಟದ ಹತ್ತಿರ ಬರುತ್ತಿದೆ. ಮಳೆ ಶುರುವಾಯಿತು, ತಗಡಿನ ಕೆಳಗಿನ ಹಸಿಗಾಳಿ ಹಲಗೆಯನ್ನು ಇನ್ನಷ್ಟು ಮೆತ್ತಗೆ ಮಾಡಿತು. ತೊಟ್ಟಿಲಿನಲ್ಲಿ ಮಲಗಿದ ಹಾಗೆ ಬೆನ್ನು ಬಿಲ್ಲಾಗುತ್ತಿತ್ತು. ಅಂಚಿಗೆ ಸರಿದರೆ ಹಲಗೆ ಕಿರ್ರೆನ್ನುತ್ತಿತ್ತು, ನಡುವಿಗೆ ಬಂದರೆ ಇಳಿಯುತ್ತಿತ್ತು. ರಾತ್ರಿಯೆಲ್ಲ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಹೊರಳಿ ಹೊರಳಿ, ಬೆಳಿಗ್ಗೆ ಕಿಕ್ಕಿರಿದ ಲೋಕಲ್ ಗಾಡಿಯಿಂದ ಇಳಿದವಳ ಹಾಗೆ ಏಳುತ್ತಿದ್ದೆ. ಕೆಳಗಿನವರಿಗೆ ಇನ್ನೊಂದು ತಮಾಷೆ. ಹಲಗೆಯ ಹೊಟ್ಟೆ ಕೆಳಗೆ ಉಬ್ಬಿ ಕಾಣುತ್ತಿತ್ತು. ಕುಕ್ಕರ್ ಇಳಿಸುವಾಗ ಅವ್ವ ತಲೆ ತಗ್ಗಿಸುತ್ತಿದ್ದಳು. ನೀರಿಗೆ ಬಂದ ಚಾಳಿನ ಹೆಂಗಸರಿಗೆ ಆಯಿ ಕೈ ಮಾಡಿ ತೋರಿಸುತ್ತಿದ್ದಳು.

"ನಮ್ಮನ್ಯಾಗ ಸೊಸಿಗಿಂತ ಮದಲ ಅಟ್ಟಾ ಬಸರಾತು ನೋಡ್ರವಾ."

ನಗೆಯ ಕೆಳಗೆ ಅವಳ ಲೆಕ್ಕ ನಡೆದಿತ್ತು. ಒಂದು ಸಂಜೆ ಊಟದ ಹೊತ್ತಿಗೆ ಅದನ್ನೂ ಹೇಳಿದಳು.

"ಇದು ತಾಳೂದಿಲ್ಲ. ಹುಡುಗಿ ಬಿದ್ದು ಕೈಕಾಲು ಮುರಕೊಂಡ್ರ ಯಾರ ಮದಿವಿ ಆಗತಾರ? ಮಣ್ಣೆತ್ತಿನ ಅಮಾಸಿಗೆ ನನ್ನ ಮಗಳು ಊಟಕ ಬರತಾಳ. ಅಮಾಸಿ ದಿನ ಬ್ಯಾಡ, ಮರದಿನ ಮುಂಜಾನೆ ಕರಕೊಂಡು ಹೋಗ್ಲಿ."

ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. ನಾನು ಕಾಕಾನ ಬೆನ್ನು ಹತ್ತಿದೆ. ಹಲಗೆ ತಿರುಗಿಸಿ ಕೊಡು ಎಂದರೆ, ಆಯಿಯನ್ನು ಒಪ್ಪಿಸು, ಚಿಟಿಕೆ ಹೊಡೆಯುವುದರಲ್ಲಿ ತಿರುಗಿಸುತ್ತೇನೆ ಎಂದ. ಹೇಗೆ ಒಪ್ಪಿಸಲಿ? ಕಾಕಾನ ಚೀಲದ ಹತ್ತಿರ ಬಿದ್ದಿದ್ದ ಆ ಮುರಿದ ಮೂಲೆಯ ತುಂಡು ತಂದು, ಅದರಿಂದ ಎರಡು ಪಟ್ಟಿ ಕೊಯ್ಯಿಸಿಕೊಂಡೆ. ಒಂದು ಎಳೆಯ ಉದ್ದಕ್ಕೆ, ಒಂದು ಅಡ್ಡಕ್ಕೆ. ನಾನೇ ಬಗ್ಗಿಸಿ ನೋಡಿದೆ. ಉದ್ದನೆಯದು ನನ್ನ ಕೈಯನ್ನೇ ನೋಯಿಸಿತು. ಅಡ್ಡನೆಯದು ಬಾಗಿತು, ಚರಚರ ಎಂದಿತು. ಎಂಥ ಹಿಗ್ಗು! ಜಗತ್ತಿನಲ್ಲಿ ಮೊದಲ ಸಲ ಇದನ್ನು ನಾನೇ ಕಂಡುಹಿಡಿದೆ ಎನ್ನುವ ಹಾಗೆ ಗ್ಯಾಲರಿಗೆ ಓಡಿ, ಸೊಪ್ಪು ಸೋಸುತ್ತಿದ್ದ ಆಯಿಯ ಮುಂದೆ ಎರಡನ್ನೂ ಇಟ್ಟೆ.

"ಆಯಿ, ಇದನ್ನ ಬಗ್ಗಸು. ಈಗ ಇದನ್ನ ಬಗ್ಗಸು. ಎರಡೂ ಒಂದs ಹಲಗೀವು."

ಆಯಿ ಮೊದಲನೆಯದನ್ನು ಬಗ್ಗಿಸಲು ನೋಡಿ ಬಿಟ್ಟಳು. ಎರಡನೆಯದನ್ನು ಮೊಣಕಾಲಿಗೆ ಇಟ್ಟು ಲಟ್ಟೆಂದು ಮುರಿದಳು. ಎರಡೂ ತುಂಡು ನನ್ನ ಕೈಯಲ್ಲಿಟ್ಟಳು.

"ಖರೇ ಐತಿ. ಮುರೀತು."

"ಅದಕ್ಕs ಹಲಗಿ ತಿರಗಸಬೇಕು."

"ತಿರಗಿಸಿದ್ರ ನಿನ್ನ ಕಾಲು ಯಾ ಕಡೆ ಹೋಗತಾವು?"

"ದೇವರ ಕಡೆ."

"ಮತ್ತ? ನಿನ್ನ ಪಟ್ಟ್ಯಾಗ ಅದಕ್ಕ ಉತ್ತರ ಐತೇನ?"

ನನಗೆ ಸಿಟ್ಟು ಬಂದು ಆ ತುಂಡುಗಳನ್ನು ಗ್ಯಾಲರಿಯ ಕಟಾಂಜನದ ಆಚೆ ಎಸೆದೆ. ಕೆಳಗೆ ಯಾರೋ ಬೈದರು. ಆಯಿ ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಅಲ್ಲಿಯವರೆಗೆ ನಾನು ಶಾಲೆಯಲ್ಲಿ ಕಲಿತದ್ದು, ಉತ್ತರ ಸರಿಯಿದ್ದರೆ ಅಂಕ ಸಿಗುತ್ತದೆ ಎಂದು. ನನ್ನ ಉತ್ತರ ಸರಿಯಿತ್ತು, ಆಯಿಯೂ ಒಪ್ಪಿದ್ದಳು, ಆದರೂ ಬದಲಾಪುರ ತಪ್ಪಿರಲಿಲ್ಲ. ಈ ಅವಮಾನ ನನ್ನನ್ನು ಬಹಳ ವರ್ಷ ಓಡಿಸಿದೆ.

ಅವ್ವ ಈ ಮಾತುಗಳಲ್ಲಿ ಯಾವತ್ತೂ ಬಾಯಿ ಹಾಕಿದವಳಲ್ಲ. ಆಯಿಯ ಮುಂದೆ ತಲೆಯ ಮೇಲಿನ ಸೆರಗು ಜಾರಿದರೆ ಒದ್ದೆ ಕೈಯಲ್ಲೇ ಸರಿಪಡಿಸಿಕೊಳ್ಳುವವಳು. ಅಮಾವಾಸ್ಯೆಯ ಮುಂಚಿನ ದಿನ ನಾವಿಬ್ಬರೂ ನಳದ ಸಾಲಿನಲ್ಲಿದ್ದೆವು. ಕೊಡ ತುಂಬಿ, ಎತ್ತಿ ಸೊಂಟಕ್ಕೆ ಇಟ್ಟುಕೊಂಡ ಮೇಲೆ ಅವ್ವ ಕೇಳಿದಳು.

"ಹಲಗಿ ತಿರಗಿಸಿದ್ರ ಖರೇನs ತಾಳತೈತೇನ?"

"ತಾಳತೈತಿ."

"ಕಾಕಾ ಹೇಳಿದ್ನೋ, ನೀ ಹೇಳತೀಯೋ?"

"ನಾ ಹೇಳತೀನಿ."

"ತಾಳಲಿಲ್ಲಂದ್ರ ನಾಡಿದ್ದ ನೀ ಅತ್ತಿ ಜೋಡಿ ಹೋಗಬೇಕಾಕ್ಕೈತಿ. ಆಮ್ಯಾಗ ನನಗ ಈ ಮನ್ಯಾಗ ಬಾಯಿ ಇರೂದಿಲ್ಲ. ವಿಚಾರ ಮಾಡಿ ಹೇಳು."

ನಾನು ವಿಚಾರ ಮಾಡಲಿಲ್ಲ. ತಾಳುತ್ತದೆ ಎಂದೆ. ಅವ್ವ ತಲೆ ಆಡಿಸಿ ಮೆಟ್ಟಿಲು ಹತ್ತಿದಳು.

ಅಮಾವಾಸ್ಯೆಗೆ ನಮ್ಮಲ್ಲಿ ದೇವರನ್ನು ಜಗಲಿಯಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು ರೂಢಿ, ಅದು ಸೊಸೆಯ ಕೆಲಸ. ಮಣ್ಣಿನ ಎತ್ತು ಮಾಡುವುದು ಆಯಿಯ ಕೆಲಸ. ಕಲ್ಯಾಣದ ಹಿನ್ನೀರಿನ ಖಾಡಿಯ ದಂಡೆಯಿಂದ ಅಪ್ಪ ತಂದ ಜಿಗುಟು ಮಣ್ಣು ಮುಂದಿಟ್ಟುಕೊಂಡು, ಬೆಳಿಗ್ಗೆಯೇ ಅವಳು ಗ್ಯಾಲರಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎತ್ತಿನ ಕೋಡು, ಹಿಣಿಲು, ಮೇವಿನ ಗೋದಲಿ, ಎಲ್ಲವನ್ನೂ ತಿದ್ದಿ ತಿದ್ದಿ ಮಾಡುತ್ತಿದ್ದಳು. ಮರಾಠಿ ಮಕ್ಕಳು ಸುತ್ತ ಕೂತು ನೋಡುತ್ತಿದ್ದರು. ಒಳಗೆ ಅವ್ವ ದೇವರನ್ನು ಬೆಳಗಿ ತಟ್ಟೆಯಲ್ಲಿಟ್ಟಳು. ಆಮೇಲೆ ಕಾಕಾನ ಚೀಲದಿಂದ ಸುತ್ತಿಗೆ ತೆಗೆದು, ಉತ್ತರದ ಗೋಡೆಯ ಹಲಗೆಯನ್ನು ಕಿತ್ತಳು. ಪೂರ್ವದ ಗೋಡೆಯ ಮೇಲಿನ ಕನ್ನಡಿ ತೆಗೆದು ಅಲ್ಲಿ ಮೊಳೆ ಹೊಡೆಯತೊಡಗಿದಳು. ಪಕ್ಕದ ಖೋಲಿಯವರು ಆ ಬದಿಯಿಂದ ಗೋಡೆ ಗುದ್ದಿ ಏನು ನಡೆದಿದೆ ಎಂದು ಮರಾಠಿಯಲ್ಲಿ ಕೇಳಿದರು. ಅವ್ವ ಇನ್ನೊಂದು ಮೊಳೆ ಹೊಡೆದಳು. ಕಾಕಾ ಬಾಯಿ ತೆರೆದು ನಿಂತಿದ್ದ. ಕಾಕಿ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಹೊರಗಿನಿಂದ ಆಯಿಯ ದನಿ ಬಂತು.

"ಏನ ಬಡ್ಯಾಕತ್ತೀರಿ ಹಬ್ಬದ ದಿನ?"

"ಮಳಿ," ಎಂದಳು ಅವ್ವ. ಅದು ಸುಳ್ಳೇನಲ್ಲ, ನಮ್ಮ ಕಡೆ ಮಳೆಗೂ ಮೊಳೆಗೂ ಹಾಗೇ ಅನ್ನುತ್ತಾರೆ.

ಆಯಿ ಎತ್ತುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ್ತಿಲು ದಾಟುವ ಹೊತ್ತಿಗೆ ಎಲ್ಲಮ್ಮ ಪೂರ್ವದ ಗೋಡೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದಳು. ದೀಪ ಹತ್ತಿತ್ತು. ಆಯಿ ಖಾಲಿ ಉತ್ತರದ ಗೋಡೆಯನ್ನು ನೋಡಿದಳು, ಕಿತ್ತ ಮೊಳೆಯ ತೂತು ನೋಡಿದಳು, ಆಮೇಲೆ ಅವ್ವನನ್ನು.

"ಯಾರನ್ನ ಕೇಳಿ ಮಾಡಿದಿ?"

"ದೇವರನ್ನ ತಿಕ್ಕಿದ್ನಿರಿ. ಹೊಳ್ಳಿ ಕೂಡಸೂವಾಗ ಇಲ್ಲಿ ಕೂಡಿಸಿದ್ನಿ. ಪೂರ್ವಕ್ಕ ಮುಖಾ ಮಾಡಿ ಕೈ ಮುಗದ್ರ ಛಲೋ ಅಂತ ನೀವs ಅಂತಿರಲ್ರಿ." ಅವ್ವ ಮುಂದೆ ಬಂದು ಆಯಿಯ ಕೈಯಿಂದ ತಟ್ಟೆ ತೆಗೆದುಕೊಂಡಳು. ಒಂದೊಂದೇ ಎತ್ತು ಎತ್ತಿ ದೇವರ ಮುಂದೆ ಇಟ್ಟು, ಅರಿಷಿಣ ಹಚ್ಚಿ, ಅಕ್ಕಿಕಾಳು ಹಾಕಿದಳು.

ಇಟ್ಟ ಎತ್ತನ್ನು ಅವತ್ತು ಕದಲಿಸಬಾರದು, ಎತ್ತು ಕೂತ ಜಗಲಿಯನ್ನೂ ಅಲುಗಿಸಬಾರದು. ನನ್ನ ಬಾಲ್ಯದುದ್ದಕ್ಕೂ ನಾವು ಮುಟ್ಟಲು ಹೋದಾಗ ಕೈಗೆ ಹೊಡೆದು ಆಯಿಯೇ ಹೇಳಿಕೊಟ್ಟ ಕಟ್ಟಳೆ. ಆಯಿ ಮಣ್ಣು ಮೆತ್ತಿದ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು, ತೊಳೆಯುವುದನ್ನೂ ಮರೆತು ನಿಂತಿದ್ದಳು. ಕಾಕಾ ಮಾತ್ರ ಒಂದು ಕ್ಷಣವೂ ತಡಮಾಡಲಿಲ್ಲ. ಏಣಿ ಹತ್ತಿದವನೇ ಹಾಸಿಗೆ ಕೆಳಗೆ ಎಸೆದು, ಅಪ್ಪನನ್ನು ಕರೆದು, ಹಾಳೆಯನ್ನು ತಿರುಗಿಸಿ ಮೂರೂ ಆ್ಯಂಗಲ್‌ಗಳ ಮೇಲೆ ಕೂರಿಸಿದ. ಬಗ್ಗಿ ಬಗ್ಗಿ ಅಭ್ಯಾಸವಾಗಿದ್ದ ಹಾಳೆಯ ಹೊಟ್ಟೆಯನ್ನು ಮೇಲೆ ಬರುವಂತೆ ಮಗುಚಿ ಹಾಕಿದ. ಇನ್ನು ದಕ್ಷಿಣಕ್ಕೆ ತಲೆ ಮಾಡಿದರೆ ನನ್ನ ಕಾಲಿನ ಕಡೆ ಇದ್ದದ್ದು ಬರಿಯ ಗೋಡೆ.

ಹೋಳಿಗೆಯ ಹೊತ್ತಿಗೆ ಬದಲಾಪುರದ ಅತ್ತೆ ಬಂದಳು. ದೊಡ್ಡ ದೇಹ, ದೊಡ್ಡ ದನಿ, ಮೊಣಕೈವರೆಗೆ ಎಣ್ಣೆ ಸಿಡಿದ ಕಲೆಗಳು. ನನಗೆಂದು ಹೊಸ ಬಟ್ಟೆಯ ಚೀಲವನ್ನೂ ತಂದಿದ್ದಳು, ಬಟ್ಟೆಬರೆ ತುಂಬಲಿಕ್ಕೆ. ಅದನ್ನು ಗೂಟಕ್ಕೆ ನೇತುಹಾಕಿ ಸುತ್ತ ನೋಡಿದಳು, ಆಯಿಯ ಮುಖ ನೋಡಿದಳು, ವಿಷಯ ಕೇಳಿಸಿಕೊಂಡಳು. ಊಟ ಮುಗಿಸಿ ಕೈ ತೊಳೆದು ಸೆರಗು ಸೊಂಟಕ್ಕೆ ಸಿಗಿಸಿದಳು.

"ನಾ ಹತ್ತಿ ನೋಡತೀನಿ. ನನಗ ತಾಳಿದ್ರ ಹುಡುಗಿಗೆ ತಾಳತೈತಿ. ತಾಳಲಿಲ್ಲಂದ್ರ ಸುಮ್ಮ ಕಳಸ್ರಿ."

"ಅಕ್ಕಾ, ನೀ ಹತ್ತಿದ್ರ ಚಾಳs ತಾಳೂದಿಲ್ಲ," ಎಂದ ಕಾಕಾ.

"ನಿನ್ನ ಮದಿವ್ಯಾಗ ಕುಣದೀನಿ, ನಿನ್ನ ಅಟ್ಟದ ಮ್ಯಾಲ ಕುಂದ್ರೂದಿಲ್ಲೇನ? ಏಣಿ ಹಿಡಿ."

ನ್ಯಾಯವೇ. ಒಪ್ಪದೆ ದಾರಿಯಿರಲಿಲ್ಲ. ಅವಳು ಏಣಿಯ ಒಂದೊಂದು ಮೆಟ್ಟಿಲಿಗೂ ಉಸಿರು ಬಿಡುತ್ತ ಹತ್ತಿದಳು. ಕೆಳಗೆ ಆಯಿ ಹಲಗೆಯ ನೇರಕ್ಕೆ ಬಂದು ಕತ್ತೆತ್ತಿ ನಿಂತಳು. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡಿದ್ದಳು. ನಾನು ಏಣಿಯ ಕಾಲು ಹಿಡಿದಿದ್ದೆ. ಅತ್ತೆ ಎರಡು ಆ್ಯಂಗಲ್‌ಗಳ ಸರಿ ನಡುವೆ, ನಾನು ಬೆನ್ನು ನೋಯಿಸಿಕೊಳ್ಳುತ್ತಿದ್ದಂಥದೇ ಸಂದಿನ ಮೇಲೆ, ಪದ್ಮಾಸನ ಹಾಕಿ ಕತ್ತು ತಗ್ಗಿಸಿ ಕೂತಳು. ಹಲಗೆ ಬಗ್ಗಿತು. ಬಗ್ಗಲೇ ಇಲ್ಲ ಎಂದು ನಾನು ಹೇಳಲಾರೆ, ಯಾವ ಹಲಗೆಯೂ ಬಗ್ಗದೆ ಭಾರ ಹೊರುವುದಿಲ್ಲ. ಆದರೆ ನನ್ನ ತೂಕಕ್ಕೆ ಅಂಗೈ ಅಗಲ ಇಳಿದಿದ್ದದ್ದು ಅವಳ ತೂಕಕ್ಕೆ ಒಂದೆರಡು ಬೆರಳು ಇಳಿದು ನಿಂತಿತು. ಅತ್ತೆ ಮುಷ್ಟಿಯಿಂದ ಗುದ್ದಿದಳು. ಮೈ ಎತ್ತಿ ಎತ್ತಿ ಕುಕ್ಕಿದಳು. ಮೇಲಿನಿಂದ ಧೂಳು ಉದುರಿ ಆಯಿಯ ಕಣ್ಣಿಗೆ ಬಿತ್ತು. ಹಲಗೆ ಇಳಿಯಿತು, ಮತ್ತೆ ತನ್ನ ಜಾಗಕ್ಕೆ ಬಂತು. ಕಿರ್ರೆನ್ನಲೂ ಇಲ್ಲ.

ಆಮೇಲೆ ಅವಳು ಮೇಲಿನಿಂದಲೇ, ಯಾರನ್ನೂ ನೋಡದೆ ಹೇಳಿದಳು.

"ಹಂಗಾರ ನನ್ನ ಡಬ್ಬಾಕ್ಕ ಯಾರ ಬರಬೇಕು?"

ಅವಳ ಪ್ರಶ್ನೆ ಸುಳ್ಳಾಗಿರಲಿಲ್ಲ. ಅವಳ ಕೈಯ ಕಲೆಗಳನ್ನು ನಾವೆಲ್ಲ ನೋಡಿದ್ದೆವು. ಉತ್ತರ ಕೊಟ್ಟದ್ದು ಅಪ್ಪ. ಅಕ್ಕನ ಮುಂದೆ, ತಾಯಿಯ ಮುಂದೆ ಒಟ್ಟಿಗೆ ಅವನು ನಿಂತು ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

"ಊರಾಗಿಂದ ಯಾರನ್ನರ ಕರಸೂಣು ಅಕ್ಕಾ. ನಾನs ಹೋಗಿ ಕರಕೊಂಡು ಬರತೀನಿ. ಹುಡುಗಿ ಕಾಲೇಜಿಗೆ ಹೋಗತಾಳ."

ಅತ್ತೆ ಸಂಜೆಯ ಲೋಕಲ್‌ಗೇ ಹೊರಟಳು. ಉಳಿಯಲು ಯಾರು ಹೇಳಿದರೂ ಕೇಳಲಿಲ್ಲ. ಸ್ಟೇಶನ್ನಿನವರೆಗೆ ನಾನೇ ಹೋದೆ. ಬದಲಾಪುರದ ಗಾಡಿ ಬಂದು ಹೆಂಗಸರು ಒಬ್ಬರನ್ನೊಬ್ಬರು ತಳ್ಳತೊಡಗಿದಾಗ, ಅವಳು ನನ್ನ ಕೆನ್ನೆಯನ್ನು ನೋಯುವ ಹಾಗೆ ಚಿವುಟಿ, ಆ ಹೊಸ ಚೀಲವನ್ನು ನನ್ನ ಕೊರಳಿಗೆ ಹಾಕಿದಳು. ಪುಸ್ತಕಕ್ಕೆ ಆಗುತ್ತದೆ ಎಂದಳು. ಕಲ್ಯಾಣದ ಕಾಲೇಜಿಗೆ ನಾನು ಆ ಚೀಲವನ್ನೇ ಒಯ್ದೆ.

ನಾನು ಮರಳಿ ಬರುವಷ್ಟರಲ್ಲಿ ಖೋಲಿಯಲ್ಲಿ ಹಾಸಿಗೆ ಬಿಡಿಸುತ್ತಿದ್ದರು. ಆಯಿ ಮಧ್ಯಾಹ್ನದಿಂದ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಅದು ಆಷಾಢ ಕಳೆಯುವವರೆಗೂ ಹಾಗೇ ನಡೆಯಿತು. ಅವಳ ಚಾಪೆ ಯಾವತ್ತೂ ಬಾಗಿಲ ಹತ್ತಿರ, ಗಾಳಿ ಬರುವಲ್ಲಿ. ಅವತ್ತು ಅದನ್ನು ಎಳೆದುಕೊಂಡು ಹೋಗಿ ಒಲೆಯ ಪಕ್ಕ, ಸರಿಯಾಗಿ ಅಟ್ಟದ ಕೆಳಗೆ ಹಾಸಿದಳು.

"ಅಲ್ಯಾಕ ಯವ್ವಾ, ಒಲಿ ಸೆಕಿ ಇರತೈತಿ," ಎಂದ ಅಪ್ಪ.

"ಬಿದ್ರ ನನ್ನ ಮ್ಯಾಲ ಬೀಳ್ಲಿ."

ಅದು ಶಾಪವೋ ಕಾವಲೋ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾನು ಏಣಿ ಹತ್ತಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿದೆ. ಹಲಗೆ ಸಪಾಟಾಗಿತ್ತು, ಬೆನ್ನು ನೆಟ್ಟಗಾಗಿತ್ತು, ಆದರೂ ನಿದ್ದೆ ಹತ್ತಲಿಲ್ಲ. ಆ ಅಂಚಿಗೊಮ್ಮೆ, ಈ ಅಂಚಿಗೊಮ್ಮೆ ಹೊರಳುವುದು ಮೈಗೆ ರೂಢಿಯಾಗಿಬಿಟ್ಟಿತ್ತು. ಕೆಳಗಿನಿಂದ ಆಯಿಯ ದನಿ ಬಂತು. ನಾನು ಪದವಿ ಮುಗಿಸುವವರೆಗೂ ಅವಳ ಚಾಪೆ ಅಲ್ಲೇ ಇತ್ತು, ಆ ದನಿಯೂ ಅದೇ ಇತ್ತು.

"ಎಚ್ಚರ ಅದಿಯೇನ?"

"ಅದೀನಿ ಆಯಿ."

"ಹಂಗಾರ ಹೊರಳೂದು ಬಿಟ್ಟು ಓದು."